ಅಧ್ಯಕ್ಷರ ಕಣ್ಣಿಗೆ ಬಿದ್ದ ಚಪ್ಪರ

ಅಮೆರಿಕದಲ್ಲಿ, ಸೀಡರ್ ಪಾರ್ಕ್ ಎಂಬ ಊರಿನ ನಮ್ಮ ಬಡಾವಣೆಯ ಸಂಘಕ್ಕೆ ಮೈಸೂರಿನ ಒಬ್ಬ ಅಂಕಲ್ ಅಧ್ಯಕ್ಷರಾಗಿದ್ದರು. ಯಾರ ಮನೆ ಮುಂದೆ ಹುಲ್ಲು ಬೆಳೆದಿದೆ, ಯಾರ ಕಸದ ಡಬ್ಬಿ ಹೊರಗಿದೆ ಎಂದು ಕಾರಿನಲ್ಲಿ ಕೂತೇ ನೋಡಿ ನೋಟಿಸ್ ಕಳಿಸುವುದನ್ನು ಅವರು ದೇಶಸೇವೆ ಎಂದೇ ತಿಳಿದಿದ್ದರು.

ಬಡಾವಣೆಯ ಬೇಲಿಯಾಚೆ ವಿಶಾಲವಾದ ಜಮೀನು. ಅದರ ಒಡೆಯರು ವಯಸ್ಸಾದ ಯಹೂದಿ ದಂಪತಿ; ಹರೆಯದಲ್ಲಿ ಕೀವ್‌ನಿಂದ ಬಂದವರು. ಇಲ್ಲಿ ಬರೀ ಸುಣ್ಣಕಲ್ಲು, ಹಾವು ಇದ್ದಾಗ ಆ ನೆಲ ಕೊಂಡಿದ್ದರು. ಊರು ಬೆಳೆದು ಅವರನ್ನು ಸುತ್ತುವರಿಯಿತು. ಬಿಲ್ಡರುಗಳು ಬಂದು ಕೇಳಿದರೂ ಮಾರಲಿಲ್ಲ. ಸಂಜೆ ನಾನು ಅಲ್ಲಿ ವಾಕ್ ಮಾಡಲೆಂದು ಆ ಮನೆಯ ಅಜ್ಜಿ ಗೇಟು ತೆರೆದಿಟ್ಟಿರುತ್ತಿದ್ದರು.

ಶರತ್ಕಾಲದಲ್ಲಿ ಅವರದೊಂದು ಹಬ್ಬ. ಸೀಡರ್ ಟೊಂಗೆ ಹೊದಿಸಿದ ಚಪ್ಪರ ಹಾಕಿ ಒಂದು ವಾರ ಅದರಡಿಯೇ ಊಟ. ಅದು ಅಧ್ಯಕ್ಷರ ಕಣ್ಣಿಗೆ ಬಿತ್ತು.

"ನೋಡಮ್ಮ, ಗುಡಿಸಲು ಹಾಕ್ಕೊಂಡಿದಾರೆ. ನಮ್ಮ ಮನೆಗಳ ವ್ಯಾಲ್ಯೂ ಏನಾಗ್ಬೇಕು? ನಿಂಗೆ ಪರಿಚಯ ಅಲ್ವಾ, ಬಾ ಮಾತಾಡೋಣ," ಎಂದು ನನ್ನನ್ನೂ ಎಳೆದುಕೊಂಡು ಹೋದರು.

"ಮೊದಲು ಕೂತ್ಕೊಳ್ಳಿ. ಇಲ್ಲಿಗೆ ಬಂದೋರು ಊಟ ಮಾಡದೆ ಹೋಗೋ ಹಾಗಿಲ್ಲ," ಎಂದರು ಅಜ್ಜ. ಎಲೆಕೋಸಿನ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದರು. ಮಾಂಸ ಇಲ್ಲ ತಾನೆ ಎಂದು ವಿಚಾರಿಸಿ, ಅಂಕಲ್ ಮತ್ತೆ ಮತ್ತೆ ಹಾಕಿಸಿಕೊಂಡರು. ಕೈ ಒರೆಸಿಕೊಂಡ ಮೇಲೆ ವಿಷಯಕ್ಕೆ ಬಂದರು: ಚಪ್ಪರ ತೆಗೆಯಬೇಕು.

"ಈ ಜಮೀನು ನಿಮ್ಮ ಸಂಘಕ್ಕೆ ಸೇರಿಲ್ವಲ್ಲ?" ಅಜ್ಜ ಕೇಳಿದರು.

"ಆದ್ರೆ ನಮ್ಮ ಕಿಟಕಿಗೆ ಕಾಣುತ್ತೆ."

"ಹಾಗಾದ್ರೆ ಪರದೆ ಹಾಕ್ಕೊಳ್ಳಿ," ಎಂದರು ಅಜ್ಜಿ.

ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಏನೆಂದು ಆಮೇಲೆ ಕಂಡೆ. ಅಂಕಲ್ ನಗರಸಭೆಗೆ ದೂರು ಕೊಟ್ಟರು. ಪರಿಶೀಲನೆಗೆ ಬಂದವನು, ಹಬ್ಬ ಮುಗಿದು ಚಪ್ಪರ ಬಿಚ್ಚಿದ ಬರಿ ನೆಲ ನೋಡಿಕೊಂಡು ಹೋದ.

ದೀಪಾವಳಿ ಬಂತು. ಇಲ್ಲಿನ ಕನ್ನಡದವರೆಲ್ಲ ಸೇರುವ ಹಬ್ಬದೂಟಕ್ಕೆ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಲು ಇದೇ ಅಂಕಲ್ ಹೊರಟಾಗ ನಗರಸಭೆ ಅನುಮತಿ ಕೊಡಲಿಲ್ಲ. ಊಟಕ್ಕೆ ಆರ್ಡರ್ ಆಗಿಹೋಗಿತ್ತು. ಅಜ್ಜನ ಜಮೀನು ಕೇಳಿಕೊಡು ಎಂದು ನನ್ನ ಹತ್ತಿರ ಬಂದರು. ಆಗುವುದಿಲ್ಲ ಎಂದೆ. ನಾಚಿಕೆಯಿಲ್ಲದೆ ತಾವೇ ಹೋಗಿ ಕೇಳಿದರು. ಅಜ್ಜ ಗೇಟು ತೆಗೆದುಕೊಟ್ಟರು. ನನಗೆ ಅಜ್ಜನ ಮೇಲೂ ಸಿಟ್ಟು ಬಂತು.

ಆ ಸಂಜೆ ಅಂಕಲ್ ಜರಿ ಶಲ್ಯ ಹೊದ್ದು, ಮೈಕ್ ಹಿಡಿದು ಕನ್ನಡದಲ್ಲಿ ವಂದನಾರ್ಪಣೆ ಮಾಡಿದರು: ಪ್ರಾಯೋಜಕರಿಗೆ, ಅಡುಗೆಯವರಿಗೆ, ತಮ್ಮ ಹೆಂಡತಿಗೆ. ಹಿಂದಿನ ಸಾಲಿನಲ್ಲಿ ಒಬ್ಬಟ್ಟು ತಿನ್ನುತ್ತಿದ್ದ ಅಜ್ಜಿ ನನ್ನ ಕಡೆ ಬಾಗಿ, "ಏನಂತಿದಾರೆ?" ಎಂದರು.

"ಎಲ್ಲರಿಗೂ ಥ್ಯಾಂಕ್ಸ್ ಹೇಳ್ತಿದಾರೆ."

"ನಮಗೂ?"

"ಇಲ್ಲ."

ಅಜ್ಜಿ ಅದನ್ನು ಗಂಡನಿಗೆ ತಮ್ಮ ಭಾಷೆಯಲ್ಲಿ ಹೇಳಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ.

ಮರುವರ್ಷ ಚಪ್ಪರ ಮತ್ತೆ ಎದ್ದಿತು. ದೂರು ಹೋಗಲಿಲ್ಲ, ಅಂಕಲ್ ಇನ್ನೂ ದೊಡ್ಡ ಮನೆ ಕೊಂಡು ಬೇರೆ ಬಡಾವಣೆಗೆ ಶಿಫ್ಟ್ ಆಗಿದ್ದರು. ಅಲ್ಲೂ ಅವರೇ ಅಧ್ಯಕ್ಷರಂತೆ.