ಯಲಹಂಕದ ಕೊಕ್ಕರೆ, ಜಪಾನಿನ ಕಿಮೊನೊ

ಯಲಹಂಕ ಹಳೇ ಪೇಟೆಗೆ ಇನ್ನೂ ಹಾಲಿನವಳು ಬಂದಿಲ್ಲ, ಬಣ್ಣದ ಮುನಿಶಾಮಮ್ಮ ಆಗಲೇ ಮಾಳಿಗೆ ಮೇಲಿದ್ದಾರೆ. ಹಾಸಿರುವ ರೇಷ್ಮೆ ಉಡುಪಿಗೆ ಜಮಖಾನ ಹೊದಿಸಿ, ಒಂದು ಮೂಲೆಯನ್ನು ಮಾತ್ರ ಅಂಗೈಯಗಲ ತೆರೆದಿಟ್ಟಿದ್ದಾರೆ. ಅಲ್ಲಿ ಬಿಳಿ ಅಂಚಿನ ಮೇಲೆ ಅರಿಸಿನದ ಬೊಟ್ಟು! "ಬಾರಪ್ಪಾ ಸೂರ್ಯ, ಇವತ್ತೊಂದಿನ ನನ್ ಮಾನ ಉಳಿಸು" ಎಂದು ಮೂಡಲಕ್ಕೆ ಕೈ ಮುಗಿಯುತ್ತಾರೆ. ಆಷಾಢದ ಮೋಡ ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ.

ಉಡುಪಿನ ಹೆಸರು ಕಿಮೊನೊ. ಮೂರು ವರ್ಷದ ಹಿಂದೆ, ೧೯೬೦ರಲ್ಲಿ, ರೇಷ್ಮೆ ತಜ್ಞರಾದ ಗಂಡನ ಜೊತೆ ಜಪಾನಿನಿಂದ ಬಂದ ಫುಮಿಕೊ ಮಗಳ ಮದುವೆಗೆಂದು ಮಾಡಿಸಿದ್ದು. ಇವತ್ತು ಸಂಜೆ ಆಕೆ ಮದ್ರಾಸ್ ರೈಲು ಹತ್ತುತ್ತಾರೆ, ಅಲ್ಲಿಂದ ಜಪಾನಿಗೆ ಹಡಗು.

ಮಗ್ಗದವರ ನೂಲಿಗೆ ಬಣ್ಣ ಹಾಕುತ್ತಾ ಮುನಿಶಾಮಮ್ಮನಿಗೆ ಮೂವತ್ತು ವರ್ಷ ಕಳೆದಿದೆ. ಗಂಡ ತೀರಿಕೊಂಡ ಮೇಲೆ ಕುದಿಯುವ ಹಂಡೆಯೇ ಆಸರೆ. "ಜಪಾನ್ ಅಮ್ಮಾವ್ರು ಅಕ್ಕಿ ಅಂಟು ಕೊಟ್ಟು, ಇಂಗೆ ಗೆರೆ ಎಳಿ ಅಂದ್ರು. ರಂಗೋಲಿ ಬಿಡೋಳಿಗೆ ಇದೇನ್ ಮಹಾ ಅಂದ್ಕೊಂಡೆ. ಮೂರು ತುಂಡು ಆಳಾದ್ಮೇಲೆ ಗರ್ವ ಇಳೀತು!" ಅಂಟಿನ ಗೆರೆ ದಾಟಿ ಬಣ್ಣ ಹರಿಯಬಾರದು, ಆಮೇಲೆ ಹಬೆಯಲ್ಲಿ ಬೇಯಿಸಿ, ಅಂಟು ತೊಳೆಯಬೇಕು. ಹದಿಮೂರು ಗಜ ರೇಷ್ಮೆ, ಏಳು ತಿಂಗಳು, ಇಪ್ಪತ್ತಮೂರು ಕೊಕ್ಕರೆ. ಜಪಾನಿನ ಕೊಕ್ಕರೆಯನ್ನು ಕಂಡವರ್ಯಾರು? ಯಲಹಂಕ ಕೆರೆಯವೇ ನೀಲಿ ರೇಷ್ಮೆಗೆ ಹಾರಿವೆ. ಪಕ್ಕದ ಮನೆಯ ಅಕ್ಬರಿ ಅವುಗಳ ರೆಕ್ಕೆಗೆ ಚಿನ್ನದ ದಾರದ ಕಸೂತಿ ಹಾಕಿದ್ದಾರೆ. ಅಬ್ಬಾ, ನೋಡಲು ಎರಡು ಕಣ್ಣು ಸಾಲದು!

ಎಡವಟ್ಟಾದದ್ದು ಮೊನ್ನೆ, ಮಡಿಸಿಡುವಾಗ. "ಒಸ ಬಟ್ಟೆಗೆ ಅರಿಸಿನ ಅಚ್ದೆ ಎಂಗೆ ಕೊಡೋದು? ಕೈ ತಾನಾಗೇ ಓಯ್ತು ಸ್ವಾಮಿ! ಅಕ್ಬರಿ ಕಿರುಚ್ಕೊಂಡ್ಮೇಲೇ ನಂಗೆ ಗ್ಯಾನ ಬಂದಿದ್ದು." ಅಕ್ಬರಿ ಸೋಪಿಗೆ ಓಡಿದರಂತೆ, ಇವರು ತಡೆದರು. ಸೋಪು ತಾಕಿದರೆ ಅರಿಸಿನ ಕೆಂಪಗಾಗುತ್ತದೆ. ಬಿಸಿಲೊಂದೇ ಮದ್ದು. ಆದರೆ ನೀಲಿಗೆ ಬಿಸಿಲು ಆಗಿಬರದು, ಅದಕ್ಕೇ ಜಮಖಾನ.

ಒಂಬತ್ತಕ್ಕೆ ಮೋಡ ಸರಿಯುತ್ತದೆ. ಮುನಿಶಾಮಮ್ಮ ನೀರು ಚಿಮುಕಿಸುತ್ತಾರೆ, ಒಣಗಿದರೆ ಮತ್ತೆ ಚಿಮುಕಿಸುತ್ತಾರೆ. ಊಟ ಬೇಡ, ಮಾತು ಬೇಡ. ಮಧ್ಯಾಹ್ನ ಎರಡಕ್ಕೆ "ಓಯ್ತು ಕಣೇ ಅಕ್ಬರೀ!" ಎಂಬ ಕೂಗು ಇಡೀ ಬೀದಿಗೆ ಕೇಳುತ್ತದೆ.

ಅಷ್ಟರಲ್ಲಿ ಫುಮಿಕೊ ಮೆಟ್ಟಿಲು ಹತ್ತಿ ಬಂದಿದ್ದಾರೆ. ಮುಚ್ಚಿಡುವ ಜಾಯಮಾನ ಮುನಿಶಾಮಮ್ಮನದಲ್ಲ, ಎಲ್ಲ ಒಪ್ಪಿಸುತ್ತಾರೆ.

"ಅರಿಸಿನ ಯಾಕೆ?" ಎಂದು ಫುಮಿಕೊ ಕೇಳುತ್ತಾರೆ.

"ಉಟ್ಕೊಂಡೋರು ನೂರ್ಕಾಲ ಚೆನ್ನಾಗಿರ್ಲಿ ಅಂತ."

ಫುಮಿಕೊ ಕಿಮೊನೊದ ಒಳಮಗ್ಗುಲು ತಿರುಗಿಸಿ, ಎದೆಯ ಜಾಗದ ಅಸ್ತರನ್ನು ಮುಂದೆ ಹಿಡಿಯುತ್ತಾರೆ. "ಇಲ್ಲಿ ಹಚ್ಚಿ, ಮುನಿಶಾಮಮ್ಮ."

ಬೊಟ್ಟಿಟ್ಟು, ಮಡಿಸಿ, ಕೈಗೆ ಕೊಡುತ್ತಾ ಮುನಿಶಾಮಮ್ಮ ಹೇಳುತ್ತಾರೆ: "ಮಗಳಿಗೆ ಏಳಿ ಅಮ್ಮಾವ್ರೇ, ಇದನ್ನ ಮಾತ್ರ ಬಿಸ್ಲಿಗೆ ಆಕ್ಬೇಡಿ ಅಂತ."