ಇಲಿಮನೆಯ ಅಡುಗೆಯಕ್ಕ

ನಮ್ಮ ಪ್ರಯೋಗಾಲಯದಲ್ಲಿ ಮುಪ್ಪನ್ನು ಮುಂದೂಡುವ ಔಷಧಿಯ ಹಿಂದೆ ಬಿದ್ದವರು ಹನ್ನೆರಡು ಮಂದಿ; ಅದು ಇಲಿಗಳ ಹೊಟ್ಟೆ ಸೇರುವುದು ಮಾತ್ರ ಅಡುಗೆಯಕ್ಕನ ಕೈಯಿಂದಲೇ. ಇಲಿಗಳ ಮೇವಿನ ಉಂಡೆ ಕಟ್ಟುವವರು ಅವರು. ಒಂದು ಡಬ್ಬಿಯಲ್ಲಿ ಜಿಡ್ಡಿನುಂಡೆ, ಇನ್ನೊಂದರಲ್ಲಿ ಸಪ್ಪೆಯುಂಡೆ, ಎರಡರಲ್ಲೂ ಅದೇ ಔಷಧಿ, ಅಷ್ಟೇ ಪ್ರಮಾಣ. ಕಣ್ಣು ಮುಚ್ಚಿ ಮೂಸಿದರೂ ಯಾವ ಡಬ್ಬಿಯದೆಂದು ಹೇಳುತ್ತಾರೆ. ಎಣ್ಣೆ ಒಂದು ಚಮಚ ಹೆಚ್ಚಾಯಿತೆಂದು ಇಡೀ ಪಾತ್ರೆ ಸುರಿದು ಮತ್ತೆ ಕಲಸಿದ್ದೂ ಉಂಟು. ನಾವು ಮೇಜಿನ ಮೇಲೆ ಚಿಪ್ಸ್ ಪೊಟ್ಟಣ ಬಿಚ್ಚಿದರೆ, "ನನ್ನ ಇಲಿಗಳೂ ಇದನ್ನ ಮುಟ್ಟಲ್ಲ ಕಣ್ರಪ್ಪಾ" ಎಂದು ಮೂಗು ಮುರಿಯುತ್ತಾರೆ. ಸಪ್ಪೆಯುಂಡೆಯ ಇಲಿಗಳು ಮುದಿಯಾದರೂ ಪಂಜರದ ಚಕ್ರ ಓಡಿಸುತ್ತಿದ್ದವು, ಜಿಡ್ಡಿನವು ಬೇಗನೆ ಮೂಲೆ ಹಿಡಿದಿದ್ದವು. ನಿರ್ದೇಶಕರು "ನಮ್ಮ ಔಷಧಿ ಗೆದ್ದಿದೆ!" ಎಂದಾಗ ಅಡುಗೆಯಕ್ಕ ಸೌಟು ಕೆಳಗಿಡದೆಯೇ ಕೇಳಿದ್ದರು: "ಔಷಧಿ ಎರಡು ಕಡೆನೂ ಒಂದೇ ಅಲ್ವಾ ಸಾರ್? ಅಲ್ಲಿ ಗೆದ್ದಿದ್ದು ಇಲ್ಲಿ ಯಾಕೆ ಸೋತಿತು?" ಅಂದಿನಿಂದ ನಮ್ಮ ವರದಿಗಳಲ್ಲಿ ಔಷಧಿಯ ಪಕ್ಕದಲ್ಲೇ ಊಟಕ್ಕೂ ಒಂದು ಸಾಲು. ಆ ಸಾಲಿರುವ ಮೊದಲ ವರದಿಯ ಪುಟವನ್ನು ಅವರು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಾರೆ, ಬಂದವರೆಲ್ಲ ಓದಲೇಬೇಕು. ಕಳೆದ ವಾರ ಸಪ್ಪೆಯುಂಡೆಯ ಗುಂಪಿನ, ನಾವು 'ತಾತ' ಎನ್ನುತ್ತಿದ್ದ ಮುದಿ ಇಲಿ ತೀರಿಕೊಂಡಿತು; ಇಲ್ಲಿ ಯಾವ ಇಲಿಯೂ ಅಷ್ಟು ಕಾಲ ಬಾಳಿರಲಿಲ್ಲ. ನಾವು ಅದರ ದಿನಗಳನ್ನು ಎಣಿಸಿ ಚಪ್ಪಾಳೆ ತಟ್ಟುತ್ತಿದ್ದರೆ, ಬಾಗಿಲಲ್ಲಿ ನಿಂತ ಅಡುಗೆಯಕ್ಕ ಕೇಳಿದ್ದು ಒಂದೇ ಮಾತು: "ನಿನ್ನೆ ಊಟ ಮಾಡಿತ್ತಾ?" ಖಾಲಿ ಬಟ್ಟಲು ತೋರಿಸಿದೆವು. ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ತಲೆಯೆತ್ತಿ ಹೇಳಿದರು: "ಹಾಗಾದ್ರೆ ಸರಿ. ಹಸ್ಕೊಂಡು ಹೋಗಿಲ್ಲ."