ವಾಸಿಯಾಗಲೊಲ್ಲದ ಬಲಗಾಲು

೧೯೫೬ರ ಮಾರ್ಚ್ ತಿಂಗಳು. ನಾನಾಗ ಭದ್ರಾವತಿಯ ಒಂದು ಕಾರ್ಖಾನೆ ಆಸ್ಪತ್ರೆಯಲ್ಲಿ ಅಸಿಸ್ಟೆಂಟ್ ಸರ್ಜನ್. ಮನೆ ಶಿವಮೊಗ್ಗದಲ್ಲಿ, ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸ್ಸು. ವಯಸ್ಸು ಮೂವತ್ತು ದಾಟಿರಲಿಲ್ಲ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಾಸದ ಗಾಯ ಯಾವುದಿದೆ ಎಂಬ ಧಿಮಾಕು ಬೇರೆ. ಅದನ್ನು ಇಳಿಸಿದ್ದು ಫೌಂಡ್ರಿ ಕೆಲಸಗಾರ ಅಂತೋಣಿಯ ಬಲಗಾಲು.

ಫೌಂಡ್ರಿ ಎಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಜಾಗ. ಕಾದ ಕಬ್ಬಿಣ ಸಿಡಿದು ಅವನ ಬಲಪಾದದ ಮೇಲ್ಭಾಗ ಸುಟ್ಟಿತ್ತು. ಪೆನಿಸಿಲಿನ್ ಕೊಟ್ಟು, ದಿನಾ ಗಾಯ ತೊಳೆದು ಡ್ರೆಸಿಂಗ್ ಮಾಡಿದೆವು. ಎರಡು ವಾರಕ್ಕೆ ಗ್ರ್ಯಾನ್ಯುಲೇಷನ್ ಕಾಣಿಸಿತು, ಅಂದರೆ ಗಾಯದ ತಳದಲ್ಲಿ ಕೆಂಪಗೆ ಹೊಸ ಮಾಂಸ ಮೂಡತೊಡಗಿತು. ಇನ್ನೇನು ಮನೆಗೆ ಕಳಿಸಬೇಕು ಎನ್ನುವಷ್ಟರಲ್ಲಿ ಗಾಯ ಹಿಮ್ಮುಖವಾಯಿತು. ಕೀವು, ಜ್ವರ, ಮೊಣಕಾಲವರೆಗೂ ಬಾವು. ಹೀಗೇ ಏರಿದರೆ ಪಾದ ಕತ್ತರಿಸಬೇಕಿತ್ತು. ಪಾದ ಹೋದರೆ ಫೌಂಡ್ರಿ ಕೆಲಸ ಹೋಯಿತು. ಕೆಲಸ ಹೋದರೆ ಹೆಂಡತಿ, ಎರಡು ಮಕ್ಕಳೊಂದಿಗೆ ಕ್ವಾರ್ಟರ್ಸ್ ಬಿಟ್ಟು ಬೀದಿಗೆ.

ಸಕ್ಕರೆ ಕಾಯಿಲೆಯೇ ಎಂದು ಮೂತ್ರ ಪರೀಕ್ಷಿಸಿದೆ. ಇಲ್ಲ. ಔಷಧ ಬದಲಿಸಿದೆ. ಪ್ರಯೋಜನವಿಲ್ಲ. ತಲೆ ಕೆಟ್ಟು ಗೊಬ್ಬರವಾಯಿತು. ಆಗ ಕಣ್ಣಿಗೆ ಬಿದ್ದದ್ದು ಅವನ ಊಟ: ನಾನು ಅವನ ಪಥ್ಯಕ್ಕೆ ಬರೆದಿದ್ದ ಮೊಟ್ಟೆ ದಿನಾ ಹಾಗೇ ವಾಪಸ್ಸು ಹೋಗುತ್ತಿತ್ತು.

"ಮೊಟ್ಟೆ ಯಾಕಮ್ಮ ಬೇಡ?" ಎಂದು ಅವನ ಹೆಂಡತಿ ಲೂರ್ದಮ್ಮನ ಮೇಲೆ ರೇಗಿದೆ.

"ತಪಸ್ಸು ಕಾಲ ಡಾಕ್ಟ್ರೇ. ಪಾಸ್ಕದವರೆಗೆ, ಈಸ್ಟರ್ ಅಂತೀರಲ್ಲ, ಅಲ್ಲಿವರೆಗೆ ನಲವತ್ತು ದಿನ ನಾವು ಮಾಂಸ, ಮೊಟ್ಟೆ ಮುಟ್ಟಲ್ಲ. ಹಿಂದಿನವರು ಮಾಡಿದ್ದು. ಹಬ್ಬದ ದಿನವೇ ಮೊಟ್ಟೆ ಒಡೆಯೋದು. ಮುಚ್ಚಿದ ಚಿಪ್ಪೊಳಗಿಂದ ಮರಿ ಬರುತ್ತಲ್ಲ, ಏಸುಸಾಮಿ ಸಮಾಧಿಯಿಂದ ಎದ್ದು ಬಂದ ಹಾಗೆ."

"ಹಬ್ಬ ಯಾವ ತಾರೀಖು?"

"ವರ್ಷ ವರ್ಷ ಬೇರೆ. ಹಗಲು ರಾತ್ರಿ ಸಮ ಆದ್ಮೇಲೆ ಹುಣ್ಣಿಮೆ ಬರುತ್ತಲ್ಲ, ಅದರ ಮುಂದಿನ ಭಾನುವಾರ."

ಕ್ರೈಸ್ತರದೆಲ್ಲ ಗೋಡೆ ಕ್ಯಾಲೆಂಡರಿನ ಲೆಕ್ಕ ಎಂದುಕೊಂಡಿದ್ದ ನನಗೆ, ಅವರಿಗೂ ಚಂದ್ರನೇ ಗತಿ ಎಂದು ಕೇಳಿ ಬೆರಗಾಯಿತು. ಆದರೆ ಗಾಯದ ಒಗಟು ಬಿಡಿಸಿದೆ ಎಂದು ಒಳಗೊಳಗೇ ಬೀಗಿದೆ. ಉಪವಾಸ! ಡ್ರೆಸಿಂಗ್ ಮಾಡುತ್ತಿದ್ದ ಗಫೂರ್ ಸಾಹೇಬರು, "ನಮ್ಮ ರಂಜಾನಲ್ಲೂ ಕಾಯಿಲೆಯವ್ರಿಗೆ ಮಾಫಿ ಇದೆ ಸಾರ್. ಇವರ ಪಾದ್ರಿನೇ ಕೇಳಿಬಿಡಿ" ಎಂದರು. ಹೇಳಿ ಕಳಿಸಿದೆ.

ಫಾದರ್ ಸೈಕಲ್ಲಿನಲ್ಲಿ ಬಂದರು. "ರೋಗಿಗೆ ಯಾವ ಉಪವಾಸ? ತಿನ್ನಪ್ಪ" ಎಂದು ನಗುತ್ತಾ, "ಗುರುವಾರದೊಳಗೆ ಏಳಬೇಕು ನೀನು. ಹನ್ನೆರಡು ಜನರಲ್ಲಿ ಒಬ್ಬ, ಮರೀಬೇಡ" ಎಂದರು. ಅಂತೋಣಿ ಮುಖ ಸುಣ್ಣವಾಯಿತು. ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡ.

ವರಾಂಡದಲ್ಲಿ ಫಾದರ್ ಬಿಡಿಸಿ ಹೇಳಿದರು. ಹಬ್ಬಕ್ಕೆ ಮುಂಚಿನ ಗುರುವಾರ ಪಾದ ತೊಳೆಯುವ ವಿಧಿ. ಅಲ್ಲಿಯವರೆಗೆ ದೊಡ್ಡ ದೊಡ್ಡ ಇಗರ್ಜಿಗಳಲ್ಲಷ್ಟೇ ನಡೆಯುತ್ತಿದ್ದದ್ದು. ಆ ವರ್ಷ ರೋಮಿನಿಂದ ಹೊಸ ಕ್ರಮ ಬಂದು, ಸಂಜೆಯ ಪೂಜೆಯಲ್ಲಿ ಎಲ್ಲರೆದುರು ಮಾಡಬಹುದಿತ್ತು. ಅವರ ಇಗರ್ಜಿಯಲ್ಲಿ ಅದೇ ಮೊದಲು.

ಓಹೋ, ಪಾದಪೂಜೆ ಎಂದುಕೊಂಡೆ. "ಫಾದರ್, ಅವನಿಗೆ ಬಗ್ಗೋಕಾಗಲ್ಲ. ಸ್ಟೂಲ್ ಮೇಲೆ ಕೂತೇ ನಿಮ್ಮ ಪಾದ ತೊಳೆಯಲಿ" ಎಂದೆ.

ಅವರು ನನ್ನನ್ನು ಪಿಳಿಪಿಳಿ ನೋಡಿದರು. "ಅವನಲ್ಲ ಡಾಕ್ಟರೇ. ತೊಳೆಯೋನು ನಾನು. ಏಸುಸ್ವಾಮಿ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ, ಹನ್ನೆರಡು ಜನರ ಕಾಲು."

ಗುರು ಶಿಷ್ಯನ ಕಾಲು ತೊಳೆಯುವುದೇ? ಇದೆಂಥ ಉಲ್ಟಾ ಶಾಸ್ತ್ರ? ಕುಂಸಿಯಂಥ ಹಳ್ಳಿಯಲ್ಲಿ ಗುರುಗಳ ಕಾಲಿಗೆ ಬಿದ್ದೇ ಬೆಳೆದ ನನಗೆ ತಲೆಬುಡ ತಿಳಿಯಲಿಲ್ಲ. "ಅವನಿಗೆ ಯಾವಾಗ ಹೇಳಿದಿರಿ?" ಎಂದು ಕೇಳಿದೆ. "ಹೋದ ಭಾನುವಾರ ನೋಡೋಕೆ ಬಂದಾಗ. ತಲೆ ಆಡಿಸಿದ." ಕೇಸ್‌ಶೀಟ್ ನೋಡಿದೆ. ಕೀವು ಶುರುವಾದದ್ದು ಅದರ ಮಾರನೆಯ ದಿನ.

ಅಂದು ಮಧ್ಯಾಹ್ನ ಯಾರಿಗೂ ಹೇಳದೆ ವಾರ್ಡಿಗೆ ಹೋದೆ. ಅಂತೋಣಿ ಬ್ಯಾಂಡೇಜ್ ಬಿಚ್ಚಿ, ಬೆಂಕಿಕಡ್ಡಿಯಿಂದ ಗಾಯ ಕೆರೆಯುತ್ತಿದ್ದ. ನೋವಿಗೆ ಕಣ್ಣಲ್ಲಿ ಧಾರಾಕಾರ ನೀರು, ಬಾಯಿಗೆ ಟವೆಲ್ ತುರುಕಿಕೊಂಡಿದ್ದ.

"ಹುಚ್ಚು ಗಿಚ್ಚು ಹಿಡಿದಿದೆಯೇನೋ? ಕಾಲು ಕತ್ತರಿಸಬೇಕಾಗುತ್ತೆ ಮಾರಾಯ!"

"ಕತ್ತರಿಸಿ ಸಾರ್." ಅವನು ಬಿಕ್ಕಿದ. "ನಮ್ಮಪ್ಪ ಊರಲ್ಲಿ ಸತ್ತ ದನ ಹೊರೋನು. ನಮ್ಮ ನೆರಳು ಬಿದ್ರೂ ಸ್ನಾನ ಮಾಡೋರು. ಈ ಕಾಲು ಫಾದರ್ ಸಾಮಿ ಹಿಡಿಯೋದಾ? ದೇವರಪ್ರಸಾದ ಕೊಡೋ ಕೈ ಅದು. ಮಹಾಪಾಪ. ಆಗಲ್ಲ ಅಂತ ಸಾಮಿಗೆ ಹೇಳೋದೂ ಪಾಪ."

ನನಗೆ ರೇಗಿತು. "ನಾನು ದಿನಾ ಹಿಡೀತೀನಲ್ಲ, ಅದು ಪಾಪ ಅಲ್ವಾ?"

"ನೀವು ಸಂಬಳಕ್ಕೆ ಹಿಡೀತೀರಿ ಸಾರ್."

ಕಪಾಳಕ್ಕೆ ಹೊಡೆದಂತಾಯಿತು. ಅವನು ಕುಹಕವಾಡಿರಲಿಲ್ಲ, ಕಂಡದ್ದು ಹೇಳಿದ್ದ. ಸಿಟ್ಟು ಮಾಡಬೇಕೋ ಅಳಬೇಕೋ ತಿಳಿಯದೆ ನಾನೇ ಬ್ಯಾಂಡೇಜ್ ಕಟ್ಟಿ, ನೇರ ಇಗರ್ಜಿಗೆ ಹೋಗಿ ಅವನ ಹೆಸರು ತೆಗೆಯಿರಿ ಎಂದು ಫಾದರ್‌ಗೆ ಕೈಮುಗಿದೆ.

ಅವರು ನನ್ನೊಂದಿಗೇ ಬಂದು ಅವನ ಮಂಚದ ತುದಿಯಲ್ಲಿ ಕೂತರು. "ಅಂತೋಣಿ, ಮೊದಲನೇ ಸಲವೂ ಒಬ್ಬ ಹೀಗೇ ಹಠ ಮಾಡಿದ್ದ. ಏಸುಸ್ವಾಮಿಯ ಶಿಷ್ಯ ಪೇತ್ರ. 'ನೀವು ನನ್ನ ಕಾಲು ತೊಳೆಯೋದಾ, ಸಾಧ್ಯವೇ ಇಲ್ಲ' ಅಂದ. ಅವನಿಗೂ ಅರ್ಥ ಆಗಿರಲಿಲ್ಲ. ನಿಜ ಹೇಳಲಾ, ನನಗೂ ಪೂರ್ತಿ ಅರ್ಥ ಆಗಿಲ್ಲ. ಬರೋದಾದ್ರೆ ಬಾ, ಬಿಟ್ಟರೆ ಬಿಡು. ಕಾಲು ಮಾತ್ರ ಕೆಡಿಸ್ಕೋಬೇಡ."

ಅಂದಿನಿಂದ ಬ್ಯಾಂಡೇಜ್ ಕಟ್ಟಿದ ಹಾಗೇ ಇತ್ತು. ಜ್ವರ ಇಳಿಯಿತು. ಗುರುವಾರ ಮಧ್ಯಾಹ್ನ ತಾನೇ, "ಹೋಗ್ಬರ್ಲಾ ಸಾರ್?" ಎಂದ.

ಗಾಯಕ್ಕೆ ನೀರು ತಾಗಕೂಡದೆಂದು ಕಾಯುವ ನೆಪದಲ್ಲಿ ನಾನೂ ಹೋದೆ. ರೂಢಿಯಲ್ಲಿ ತೊಳೆಯುವುದು ಬಲಗಾಲಂತೆ. ಫಾದರ್ ಅವನ ಎಡಗಾಲು ಕೇಳಿದರು. ಮೊಣಕಾಲೂರಿ ನೀರು ಹೊಯ್ದರು, ಒರೆಸಿದರು, ಬಗ್ಗಿ ಆ ಪಾದಕ್ಕೆ ಮುತ್ತಿಟ್ಟರು. ಅಂತೋಣಿ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದ. ಪಕ್ಕದಲ್ಲಿ ನಿಂತಿದ್ದ ಲೂರ್ದಮ್ಮ ಗೊಳೋ ಎಂದು ಅತ್ತುಬಿಟ್ಟಳು.

ಹೊರಗೆ ಬಂದ ಮೇಲೆ "ಏನನ್ನಿಸ್ತೋ?" ಎಂದೆ.

"ಗೊತ್ತಾಗ್ತಿಲ್ಲ ಸಾರ್. ಭಯ ಆಯ್ತು. ಆದ್ರೆ ಕಾಲು ಎಳ್ಕೊಳ್ಳಲಿಲ್ಲ."

ಗಾಯ ಮಾಸಿತು, ಅವನು ಫೌಂಡ್ರಿಗೆ ಮರಳಿದ. ನಾನು ಮುಂದೆ ಇನ್ನೂ ಎಷ್ಟೋ ವರ್ಷ ಗಾಯಗಳನ್ನು ತೊಳೆದೆ, ಸಂಬಳಕ್ಕೇ. ಯಾವುದಾದರೂ ಗಾಯ ಕಾರಣವಿಲ್ಲದೆ ಮಾಸದಿದ್ದರೆ ಔಷಧ ಬದಲಿಸುವ ಮುಂಚೆ ರೋಗಿಯ ಪಕ್ಕ ಕೂತು ಒಂದು ಮಾತು ಕೇಳುತ್ತಿದ್ದೆ: "ವಾಸಿಯಾದ ಮೇಲೆ ನೀನು ಎಲ್ಲಿಗೆ ಹೋಗಬೇಕು, ಅಲ್ಲಿ ನಿನಗೆ ಏನು ಭಯ?"